ಮಡಿಕೇರಿಯ ನಮ್ಮ ಕೋವರ್ಕಿಂಗ್ ಜಾಗದಲ್ಲಿ ಊರಿನವರಿಗೆ ಒಂದು ಕೋಣೆ, ಹೊರಗಿನವರಿಗೆ ಒಂದು ಕೋಣೆ ಮಾಡಬೇಕಾ?

ಪ್ರಶ್ನೆ: ಮಹದೇವಪೇಟೆ_ಮಹಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ. ಪೂರ್ತಿ ವಿಷಯ ಗೊತ್ತಿಲ್ಲದೆ ಸಲಹೆ ಕೊಡುವುದು ಕಷ್ಟ ಅಂತ ಎಲ್ಲ ಬರೆಯುತ್ತಿದ್ದೇನೆ.

ಮಡಿಕೇರಿಯ ಮಹದೇವಪೇಟೆಯಲ್ಲಿ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ಕೋವರ್ಕಿಂಗ್ ಜಾಗ, ಅಂದರೆ ಬೇರೆ ಬೇರೆ ಕೆಲಸದವರು ದುಡ್ಡು ಕೊಟ್ಟು ಒಟ್ಟಿಗೆ ಕೂತು ಕೆಲಸ ಮಾಡುವ ಜಾಗ, ನಡೆಸುತ್ತೇನೆ. ಕೆಳಗೆ ಹಾರ್ಡ್‌ವೇರ್ ಅಂಗಡಿ. ನಮ್ಮದು 18 ಸೀಟು. ಒಂದು ಹಾಲ್, ಫೋನಲ್ಲಿ ಮಾತಾಡಲು ಒಂದು ಪುಟ್ಟ ಕೋಣೆ, ಹಿಂದೆ ಅಡುಗೆಮನೆ. ಹಾಲ್ ಮಧ್ಯದಲ್ಲಿ ಎಂಟು ಜನ ಕೂರುವ ಉದ್ದದ ಮೇಜು. ಜಗಳ ಎಲ್ಲ ಆ ಮೇಜಿನ ಸುತ್ತಲೇ.

ಬರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಇಲ್ಲಿಯವರು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿಂದ ಮನೆಗೆ ಬಂದು ಇಲ್ಲೇ ಉಳಿದವರು. ನಾಪೋಕ್ಲು, ಮೂರ್ನಾಡು, ಮಾದಾಪುರ ಕಡೆಯಿಂದ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಬರುತ್ತಾರೆ. ತೋಟದ ಮನೆಯಲ್ಲಿ ನೆಟ್ ನಂಬಿಕೊಂಡು ಕೂರಲು ಆಗುವುದಿಲ್ಲ. ಒಂದು ಕೊಂಬೆ ಬಿದ್ದರೆ ಕೇಬಲ್ ಹೋಯಿತು. ಇನ್ನರ್ಧ ಹೊರಗಿನವರು. ಹೋಂಸ್ಟೇಯಲ್ಲಿ ವಾರವೋ ತಿಂಗಳೋ ಇದ್ದು ಇಲ್ಲಿಂದ ಕೆಲಸ ಮಾಡುತ್ತಾರೆ. ಬೆಂಗಳೂರು, ಕೊಚ್ಚಿ, ಪುಣೆ, ಎಲ್ಲ ಕಡೆಯವರು.

ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಕಿಟಕಿ ತೆರೆದಿರುತ್ತಿತ್ತು, ಬಾಲ್ಕನಿ ಇತ್ತು, ಮಾತಾಡುವವರು ಹೊರಗೆ ಹೋಗುತ್ತಿದ್ದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಥೆ ಬೇರೆಯಾಯಿತು. ಕಿಟಕಿ ಮುಚ್ಚಿದೆ. ಬಾಲ್ಕನಿಯಲ್ಲಿ ನಿಂತರೆ ಎರಡೇ ನಿಮಿಷದಲ್ಲಿ ಒದ್ದೆ. ಒದ್ದೆ ಕೊಡೆ, ಒದ್ದೆ ರೈನ್‌ಕೋಟ್, ಒದ್ದೆ ಸಾಕ್ಸ್, ಎಲ್ಲ ಒಳಗೆ. ಎಲ್ಲರ ಮಾತೂ ಒಳಗೆ.

ಊರಿನವರ ದೂರು ಇದು. ಅವರು ಬೆಳಿಗ್ಗೆ ಒಂಬತ್ತಕ್ಕೇ ಬರುತ್ತಾರೆ, ಸಂಜೆ ಬಸ್ ಹಿಡಿಯಬೇಕು. ಹನ್ನೊಂದಕ್ಕೆ ಬರುವ ಹೊರಗಿನವರು ಹಾಲ್‌ನಲ್ಲೇ ವಿಡಿಯೊ ಕಾಲ್ ಶುರು ಮಾಡುತ್ತಾರೆ. ಲೋಟ ತೊಳೆಯುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಎಲೆಕ್ಟ್ರಿಕ್ ಕೆಟಲ್ ಹಾಕುತ್ತಾರೆ. ಒಂದು ಕೆಟಲ್ ಸುಮಾರು 1500 ವಾಟ್ ಎಳೆಯುತ್ತದೆ, ಒಂದು ಲ್ಯಾಪ್‌ಟಾಪ್ 65 ವಾಟ್. ಅಂದರೆ ಒಬ್ಬರ ಚಹಾಕ್ಕೆ ಇಪ್ಪತ್ತಕ್ಕೂ ಜಾಸ್ತಿ ಲ್ಯಾಪ್‌ಟಾಪಿನ ಕರೆಂಟ್. ನಮ್ಮ ಇನ್ವರ್ಟರ್ ತಕ್ಷಣ ಟ್ರಿಪ್ ಆಗುತ್ತದೆ, ರೂಟರ್ ಆಫ್ ಆಗುತ್ತದೆ, ಎಲ್ಲರ ಮೀಟಿಂಗ್ ಕಟ್.

ಹೊರಗಿನವರಿಗೂ ಬೇಜಾರಿದೆ. ಮೇಜಿನಲ್ಲಿ ಊರಿನವರು ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಮಾತಾಡಿಕೊಂಡು ನಗುತ್ತಾರೆ, ನಮ್ಮ ಬಗ್ಗೆಯೇ ಇರಬೇಕು ಅಂತ ಒಬ್ಬರು ನನ್ನ ಹತ್ತಿರ ಹೇಳಿದರು. ಅವರು ಮಾತಾಡಿದ್ದು ತೋಟದ ಮೋಟರ್ ಕೆಟ್ಟ ವಿಷಯ. ನಾನು ಅಲ್ಲೇ ಇದ್ದೆ.

ಈಗ ಊರಿನ ಕೆಲವರು ಸೇರಿ ಹಾಲ್‌ಗೆ ಪ್ಲೈವುಡ್ ಗೋಡೆ ಹಾಕಿ ಅಂತ ಕೇಳಿದ್ದಾರೆ. ಒಂದು ಕಡೆ ತಿಂಗಳ ಸದಸ್ಯರು, ಇನ್ನೊಂದು ಕಡೆ ದಿನದ ಲೆಕ್ಕದವರು. ಹೆಸರಿಗೆ ಹಾಗೆ, ಆದರೆ ಅದರ ಅರ್ಥ ಊರಿನವರು ಮತ್ತು ಹೊರಗಿನವರು ಅಂತಲೇ. ಕಟ್ಟಡದ ಮಾಲೀಕರು ಒಪ್ಪಿದ್ದಾರೆ, ಬಡಗಿ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ನನಗೆ ಮನಸ್ಸಿಲ್ಲ. ಈ ಜಾಗ ಶುರು ಮಾಡಿದ್ದೇ ಜನ ಒಂದೇ ಮೇಜಿಗೆ ಕೂರಲಿ ಅಂತ. ಇಲ್ಲೇ ಇಬ್ಬರಿಗೆ ಹೊರಗಿನವರ ಪರಿಚಯದಿಂದ ಕೆಲಸ ಸಿಕ್ಕಿದೆ. ಹೊರಗಿನಿಂದ ಬಂದ ಒಬ್ಬ ಹುಡುಗಿ ಜ್ವರ ಬಂದು ಮಲಗಿದಾಗ ಮೂರ್ನಾಡಿನ ನಮ್ಮ ಸದಸ್ಯೆಯೇ ಹೋಂಸ್ಟೇಗೆ ಗಂಜಿ ತೆಗೆದುಕೊಂಡು ಹೋದರು. ಗೋಡೆ ಹಾಕಿದರೆ ಇದು ಯಾವುದೂ ಆಗುವುದಿಲ್ಲ. ಆದರೆ ದೂರು ಕೊಡುವವರ ಕಷ್ಟವೂ ನಿಜ. ಅವರನ್ನು ಕಳೆದುಕೊಂಡರೆ ಮಳೆಗಾಲದಲ್ಲಿ ಬಾಡಿಗೆ ಕಟ್ಟುವುದು ಹೇಗೆ?

ಇಂಥ ಜಾಗ ನಡೆಸಿದವರು, ಅಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಗೋಡೆ ಹಾಕಲಾ?

ಉತ್ತರ: ಅಮ್ಮತ್ತಿ_ಟೆಸ್ಟರ್

ಅಕ್ಕಾ, ನಾನು ಊರಿನವರ ಕಡೆಯಿಂದ ಮಾತಾಡುತ್ತೇನೆ. ನಿಮ್ಮಲ್ಲಿಗೆ ಬರುವವಳಲ್ಲ, ನಮ್ಮ ಕಡೆಯ ಇಂಥದ್ದೇ ಒಂದು ಜಾಗದಲ್ಲಿ ಕೂರುತ್ತೇನೆ.

ಮೊದಲು ಒಂದು ಮಾತು. ಗೋಡೆ ಕೇಳಿದವರು ಹೊರಗಿನವರನ್ನು ಕಂಡರೆ ಆಗದವರು ಅಂತ ಅಂದುಕೊಳ್ಳಬೇಡಿ. ನಮ್ಮ ದಿನ ಹೇಗಿರುತ್ತದೆ ನೋಡಿ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿ ಕುಯ್ಲು. ಕೆಲಸದವರು ಸಂಜೆ ಚೀಲ ತರುವ ಹೊತ್ತಿಗೆ ನಾನು ತೂಕಕ್ಕೆ ಮನೆಯಲ್ಲಿರಬೇಕು. ಅಪ್ಪನಿಗೆ ಈಗ ಆಗುವುದಿಲ್ಲ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಸರಿಯಾದ ಹೊತ್ತಿಗೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್ ಪೈಪ್ ಜೋಡಿಸಲು ಓಡಬೇಕು. ಮನೆಯಲ್ಲಿ ಕೂತರೆ ನೆಂಟರು, ಫೋನು, ಆನೆ ಬಂದಿದೆ ಅಂತ ಪಕ್ಕದ ತೋಟದವರ ಕೂಗು. ಆ ಕೋವರ್ಕಿಂಗ್ ಜಾಗದಲ್ಲಿ ಸಿಗುವ ಆರು ಗಂಟೆಯೇ ನನಗೆ ಸಿಗುವ ಆಫೀಸ್. ಅದರಲ್ಲಿ ಒಬ್ಬರು ಬಂದು ‘ಈ ವಾರ ಎಲ್ಲಿಗೆ ಹೋಗಬಹುದು, ಅಬ್ಬಿ ಫಾಲ್ಸಾ, ತಲಕಾವೇರಿಯಾ’ ಅಂತ ಕೇಳಿದರೆ ಒಂದು ಸಲ ಖುಷಿಯಿಂದ ಹೇಳುತ್ತೇನೆ. ಪ್ರತಿ ವಾರ ಹೊಸಬರು, ಅದೇ ಪ್ರಶ್ನೆ. ಆಗ ಸುಸ್ತಾಗುತ್ತದೆ.

ಆದರೂ ನಿಮಗೆ ಗೋಡೆ ಹಾಕಿ ಅಂತ ಹೇಳುವುದಿಲ್ಲ. ಹಾಕುವುದಾದರೆ ಸದ್ದಿಗೆ ಹಾಕಿ, ಊರಿಗೆ ಬೇಡ. ನಮ್ಮಲ್ಲಿ ಒಂದು ಕಡೆ ಮಾತಿಲ್ಲದ ಜಾಗ, ಒಂದು ಕಡೆ ಮಾತಿನ ಜಾಗ ಇದೆ. ಯಾರು ಎಲ್ಲಿ ಬೇಕಾದರೂ ಕೂರಬಹುದು. ಮಾತಿಲ್ಲದ ಕಡೆ ಜಾಸ್ತಿ ಕೂರುವವರು ಯಾರು ಗೊತ್ತಾ? ಪುಣೆಯಿಂದ ಬಂದ ಒಬ್ಬ ಅನುವಾದಕಿ. ಮಾತಿನ ಕಡೆ ಜೋರಾಗಿ ಮಾತಾಡುವವನು ನಮ್ಮ ಸಿದ್ದಾಪುರದ ಹುಡುಗ. ಹೊರಗಿನವರೆಂದರೆ ಗಲಾಟೆ ಅನ್ನುವುದು ಅಲ್ಲೇ ಬಿದ್ದುಹೋಯಿತು.

ಇನ್ನೊಂದು ವಿಷಯ, ಲೋಟ. ನಿಮ್ಮಲ್ಲಿ ಬೆಳಿಗ್ಗೆ ಗುಡಿಸಿ ಒರೆಸಲು ಬರುವ ಅಕ್ಕ ಇರಬೇಕಲ್ವಾ? ಅವರನ್ನು ಕೇಳಿದ್ದೀರಾ? ಸಿಂಕ್‌ನಲ್ಲಿ ಯಾರ ಲೋಟ ಇರುತ್ತದೆ ಅಂತ ಸರಿಯಾಗಿ ಗೊತ್ತಿರುವುದು ಅವರಿಗೆ ಮಾತ್ರ.

ಉತ್ತರ: ಧಾರವಾಡದಿಂದ_ಬಂದವ

ನಾನು ಹೊರಗಿನವ. ಮಡಿಕೇರಿಯಲ್ಲೇ ಒಂದು ಜಾಗದಲ್ಲಿ ಮಳೆಗಾಲ ಪೂರ್ತಿ ಕೂತು ಕೆಲಸ ಮಾಡಿದ್ದೇನೆ. ನಮ್ಮ ಕಡೆಯಿಂದ ನೋಡಿದರೆ ಹೇಗಿರುತ್ತದೆ ಅಂತ ಹೇಳುತ್ತೇನ್ರೀ.

ಬಂದವರಿಗೆ ಏನೂ ಗೊತ್ತಿರುವುದಿಲ್ಲ. ಡಬ್ಬಿಯಲ್ಲಿರುವ ಕಾಫಿಪುಡಿ ಜಾಗದವರದ್ದಾ, ಯಾರೋ ಮನೆಯಿಂದ ತಂದದ್ದಾ? ಫ್ರಿಜ್‌ನಲ್ಲಿರುವ ಹಾಲು ಯಾರದ್ದು? ಕಿಟಕಿ ಪಕ್ಕದ ಕುರ್ಚಿ ಯಾರಿಗಾದರೂ ಮೀಸಲಾ? ಕೇಳಿದರೆ ಎಲ್ಲರೂ ‘ಪರವಾಗಿಲ್ಲ, ಕೂತುಕೊಳ್ಳಿ’ ಅನ್ನುತ್ತಾರೆ. ಕೊಡಗಿನವರು ಮರ್ಯಾದೆಯ ಜನ, ಮುಖದ ಮೇಲೆ ಬೇಡ ಅನ್ನುವುದಿಲ್ಲ. ಹಾಗಾಗಿ ಏನು ಪರವಾಗಿಲ್ಲ, ಏನು ಪರವಾಗಿದೆ ಅಂತ ನಮಗೆ ತಿಳಿಯುವುದೇ ಇಲ್ಲ.

ನನಗೆ ಅದು ಬದಲಾಗಿದ್ದು ಎರಡು ವಿಷಯದಿಂದ.

ಒಂದು, ಅಲ್ಲಿ ನಡೆಸುವವರು ನನಗೊಂದು ಕೆಲಸ ಕೊಟ್ಟರು. ಜನರೇಟರ್ ಡೀಸೆಲ್ ಎಷ್ಟಿದೆ ಅಂತ ದಿನಾ ಬೆಳಿಗ್ಗೆ ನೋಡಿ ಬೋರ್ಡ್ ಮೇಲೆ ಬರೆಯುವುದು. ಅಷ್ಟೇ. ಆದರೆ ಅವತ್ತಿನಿಂದ ಬಂದವರೆಲ್ಲ ನನ್ನನ್ನು ಕೇಳಲು ಶುರು ಮಾಡಿದರು. ಇವತ್ತು ಸಂಜೆವರೆಗೆ ಬರುತ್ತದಾ, ನನಗೆ ನಾಲ್ಕಕ್ಕೆ ಒಂದು ರಿವ್ಯೂ ಇದೆ, ಅಂತ. ಹಾಗೆ ಎಲ್ಲರ ಹೆಸರು, ಎಲ್ಲರ ಕೆಲಸ ಗೊತ್ತಾಯಿತು. ಯಾವ ಪರಿಚಯ ಕಾರ್ಯಕ್ರಮದಲ್ಲೂ ನನಗೆ ಅಷ್ಟು ಜನ ಗೊತ್ತಾಗಿರಲಿಲ್ಲ.

ಎರಡು, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ರಂದು ಒಬ್ಬರು ಮನೆಯಿಂದ ಮದ್ದು ಸೊಪ್ಪಿನ ಪಾಯಸ ತಂದು ಎಲ್ಲರಿಗೂ ಕೊಟ್ಟರು. ಕಡು ನೇರಳೆ ಬಣ್ಣ, ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಯಾಕೆ ಆ ದಿನವೇ ತಿನ್ನಬೇಕು, ಆ ಹೊತ್ತಿಗೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ತುಂಬಿರುತ್ತದೆ ಅಂತ ಹಿರಿಯರು ಯಾಕೆ ಹೇಳುತ್ತಾರೆ, ಎಲ್ಲ ಹೇಳಿದರು. ‘ನಾಳೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ’ ಅಂತ ಮೊದಲೇ ಎಚ್ಚರಿಸಿದ್ದಕ್ಕೆ ಇವತ್ತಿಗೂ ಕೃತಜ್ಞ. ಪಕ್ಕದಲ್ಲಿದ್ದ ಅರೆಭಾಷೆ ಮಾತಾಡುವ ಗೌಡರ ಹುಡುಗ, ನಮ್ಮ ಮನೆಯಲ್ಲೂ ಇದೇ ಪಾಯಸ, ನಾವು ಆಟಿ ಪಾಯಸ ಅನ್ನುತ್ತೇವೆ ಅಂದ. ಮಾತು ಅಲ್ಲಿಂದ ಬೆಳೆಯಿತು.

ಗೋಡೆ ಹಾಕಿದರೆ ಆ ಪಾಯಸ ಗೋಡೆಯ ಆ ಕಡೆಯೇ ಉಳಿಯುತ್ತಿತ್ತು.

ಒಂದು ಸಣ್ಣ ಸಲಹೆ. ಗೋಡೆ ಮೇಲೆ ಊರಿನ ಹಬ್ಬಗಳ ಕ್ಯಾಲೆಂಡರ್ ಹಾಕಿ. ಕೈಲ್‌ಪೊಳ್ದ್, ದಸರಾ, ತುಲಾ ಸಂಕ್ರಮಣ, ಪುತ್ತರಿ. ನವೆಂಬರ್ ಆಚೆಯೂ ಉಳಿದುಕೊಂಡಿದ್ದೆ. ಒಂದು ದಿನ ಹೋದರೆ ಇಡೀ ಹಾಲ್ ಖಾಲಿ, ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಹೋಗಿದ್ದರು. ಮೊದಲೇ ಗೊತ್ತಿದ್ದರೆ ಕೇಳಿಕೊಂಡು ಯಾರ ಜೊತೆಗಾದರೂ ನಾನೂ ಹೋಗುತ್ತಿದ್ದೆ.

ಉತ್ತರ: ನೆಟ್_ಇದ್ರೆ_ಸಾಕು

ನಾನು ಒಪ್ಪಲ್ಲ. ದುಡ್ಡು ಕೊಡುವುದು ಕುರ್ಚಿಗೆ, ನೆಟ್‌ಗೆ, ಕರೆಂಟ್‌ಗೆ. ಗೆಳೆತನ ಬೇಕಾದವರು ತಾವೇ ಮಾಡಿಕೊಳ್ಳುತ್ತಾರೆ. ನಾನು ಕೆಲಸಕ್ಕೆ ಬರುವ ಜಾಗದಲ್ಲಿ ನನಗೆ ಡೀಸೆಲ್ ನೋಡು, ಲೋಟ ತೊಳಿ ಅಂದರೆ ಬೇರೆ ಕಡೆ ಹೋಗುತ್ತೇನೆ. ಇನ್ನೊಂದು ಬ್ಯಾಟರಿ ಹಾಕಿ, ಒಳ್ಳೆ ಫೋನ್ ಕೋಣೆ ಕಟ್ಟಿಸಿ, ಮುಗಿಯಿತು.

ಮಹದೇವಪೇಟೆ_ಮಹಡಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್.

ನೆಟ್_ಇದ್ರೆ_ಸಾಕು ಅವರೇ, ಬ್ಯಾಟರಿ ಮತ್ತು ಫೋನ್ ಕೋಣೆ ವಿಷಯ ನೂರಕ್ಕೆ ನೂರು ಸರಿ. ಅದು ಮೊದಲು ಆಗಬೇಕು. ಆದರೆ ಉಳಿದದ್ದನ್ನು ನಾನು ಬಿಡಲಾರೆ. ಬೆಂಗಳೂರಿನಲ್ಲಿ ಒಂದು ಜಾಗ ಸರಿಬರಲಿಲ್ಲ ಅಂದರೆ ಮುಂದಿನ ರಸ್ತೆಯಲ್ಲಿ ಇನ್ನೊಂದು ಇರುತ್ತದೆ. ಇಲ್ಲಿ ಹಾಗಲ್ಲ. ಮಳೆ ಜೋರಾದ ದಿನ ಗುಡ್ಡ ಜರಿದು ರಸ್ತೆ ಬಂದ್ ಆದರೆ ಯಾರು ಯಾರ ಮನೆಯಲ್ಲಿ ಉಳಿಯುತ್ತಾರೆ ಅನ್ನುವುದು ಇಲ್ಲಿ ನಿಜವಾದ ಪ್ರಶ್ನೆ. ಒಬ್ಬರ ಫೋನ್ ನಂಬರ್ ಒಬ್ಬರಿಗೆ ಗೊತ್ತಿರಬೇಕು. ಅದಕ್ಕೇ ನನಗೆ ಇಷ್ಟು ಚಿಂತೆ.

ಅಮ್ಮತ್ತಿಯವರೇ, ನೀವು ಹೇಳಿದ ಮೇಲೆ ನಮ್ಮ ಅಕ್ಕನನ್ನು ಕೇಳಿದೆ. ‘ಲೋಟ ಬಿಡುವವರು ಎರಡೂ ಕಡೆ ಇದ್ದಾರೆ, ಮೇಡಂ. ಆದರೆ ಊರಿನವರ ಲೋಟದಲ್ಲಿ ಬೆಲ್ಲದ ಕಾಫಿ, ತಳದಲ್ಲಿ ಅಂಟಿರುತ್ತದೆ, ಉಜ್ಜಲು ಕಷ್ಟ’ ಅಂದರು. ಇದನ್ನು ಊರಿನ ಗುಂಪಿಗೆ ಹಾಗೇ ಹೇಳಿದ್ದೇನೆ. ಇವತ್ತು ಸಿಂಕ್ ಖಾಲಿ ಇತ್ತು.

ಉತ್ತರ: ಸೋಮವಾರಪೇಟೆ_ಮೇಷ್ಟ್ರು

ನನಗೆ ಕೋವರ್ಕಿಂಗ್ ಗೊತ್ತಿಲ್ಲಮ್ಮ, ನಿವೃತ್ತ ಶಿಕ್ಷಕ. ಮಗಳು ಈ ಚರ್ಚೆ ತೋರಿಸಿದಳು. ನಿಮ್ಮ ಕೊನೆಯ ಮಾತು ಓದಿ ಬರೆಯಬೇಕು ಅನ್ನಿಸಿತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಮೊದಲ ಎರಡು ದಿನ ಬಂದವರು ತಮ್ಮ ತಮ್ಮ ಊರಿನವರ ಜೊತೆ ಗುಂಪುಗುಂಪಾಗಿ ಕೂತಿದ್ದರು. ಮನೆ ಕಳೆದುಕೊಂಡವರು, ಮಾತಾಡುವ ಮನಸ್ಸು ಯಾರಿಗಿರುತ್ತದೆ? ನಾವು ಹೊರಗಿನವರು ಅವರಿಗೆ ಊಟ ಬಡಿಸುತ್ತಿದ್ದೆವು, ಅವರು ಸುಮ್ನೆ ತೆಗೆದುಕೊಳ್ಳುತ್ತಿದ್ದರು. ಒಬ್ಬ ಅಜ್ಜಿ ಎದ್ದು ಬಂದು, ‘ಕೂತು ಕೂತು ಸಾಕಾಗಿದೆ, ಕತ್ತಿ ಕೊಡಿ, ತರಕಾರಿ ನಾನು ಹೆಚ್ಚುತ್ತೇನೆ’ ಅಂದರು. ಅವರ ಹಿಂದೆ ಇನ್ನೂ ಕೆಲವರು ಬಂದರು. ಬಟ್ಟೆ ವಿಂಗಡಿಸಲು ಹುಡುಗರು ಬಂದರು. ಸಂಜೆ ಹೊತ್ತಿಗೆ ತರಕಾರಿ ಹೆಚ್ಚುವ ಕಡೆ ಎಲ್ಲ ಜಾತಿಯವರೂ, ಎಲ್ಲ ಊರಿನವರೂ ಕಲೆತು ಕೂತಿದ್ದರು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎಲ್ಲ ಕೇಳಿಸುತ್ತಿತ್ತು.

ಧಾರವಾಡದ ಯುವಕರು ಡೀಸೆಲ್ ನೋಡಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಬಂದವರನ್ನು ಅತಿಥಿಯಾಗಿಯೇ ಇಟ್ಟರೆ ಅವರು ಅತಿಥಿಯಾಗಿಯೇ ಉಳಿಯುತ್ತಾರೆ. ಬಲವಂತ ಬೇಡ. ಆದರೆ ಮಾಡಬೇಕಾದ ಕೆಲಸ ಇದೆ ಅಂತ ಎಲ್ಲರಿಗೂ ಕಾಣುವಂತೆ ಇಡಿ. ಬೇಡ ಅನ್ನುವವರು ಬಿಡಲಿ, ಅವರೂ ದುಡ್ಡು ಕೊಟ್ಟವರೇ.

ಉತ್ತರ: ಒಂಟಿಕೊಪ್ಪಲ್_ಡೆಸ್ಕ್

ಮೈಸೂರಿನಲ್ಲಿ ಇಂಥ ಜಾಗ ನಡೆಸುತ್ತಿದ್ದೆ, ಬಾಡಿಗೆ ಏರಿ ಮುಚ್ಚಿತು. ಹಣ ಮತ್ತು ಬಡಗಿ ಕೆಲಸದ ಬಗ್ಗೆ ಹೇಳುತ್ತೇನೆ. ಮೇಷ್ಟ್ರು ಹೇಳಿದ್ದಕ್ಕಿಂತ ಚೆನ್ನಾಗಿ ಉಳಿದದ್ದನ್ನು ಹೇಳಲು ನನಗೆ ಬರುವುದಿಲ್ಲ.

ಕೋವರ್ಕಿಂಗ್ ಅಂತ ಹೆಸರಿಟ್ಟು ಮೊದಲು ಜಾಗ ತೆರೆದದ್ದು 2005ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬ್ರಾಡ್ ನ್ಯೂಬರ್ಗ್ ಅನ್ನುವ ಪ್ರೋಗ್ರಾಮರ್. ವಾರಕ್ಕೆ ಎರಡು ದಿನ ಮಾತ್ರ ತೆರೆಯುತ್ತಿದ್ದರು. ಮೊದಲ ತಿಂಗಳು ಒಬ್ಬರೂ ಬರಲಿಲ್ಲ. ಒಂಟಿಯಾಗಿ ಕೆಲಸ ಮಾಡುವ ಸ್ವಾತಂತ್ರ್ಯವೂ ಬೇಕು, ಆಫೀಸಿನಲ್ಲಿ ಸಿಗುವ ಜೊತೆಯೂ ಬೇಕು ಅನ್ನುವುದು ಅವರ ಆಸೆ. ಅಂದರೆ ಜೊತೆ ಅನ್ನುವುದು ಆಮೇಲೆ ಸೇರಿಸಿದ ಅಲಂಕಾರ ಅಲ್ಲ. ಶುರುವಾದದ್ದೇ ಅದಕ್ಕೆ.

ಈಗ ಗೋಡೆ. ಪ್ಲೈವುಡ್ ಗೋಡೆಯನ್ನು ಅರ್ಧ ಎತ್ತರಕ್ಕೆ ಹಾಕಿ ಮೇಲೆ ಬಿಟ್ಟರೆ ಸದ್ದು ನಿಲ್ಲುವುದಿಲ್ಲ, ಮೇಲಿಂದ ದಾಟಿ ಬರುತ್ತದೆ. ಸೀಲಿಂಗ್‌ವರೆಗೂ ಹೋಗಬೇಕು. ಒಂದೇ ಪದರದ ತೆಳು ಪ್ಲೈವುಡ್ ಸಾಲದು. ಎರಡು ಪದರ ಹಾಕಿ ಮಧ್ಯೆ ರಾಕ್‌ವೂಲ್ (ಸದ್ದು ತಡೆಯುವ ಕಲ್ಲಿನ ನಾರು) ತುಂಬಿಸಬೇಕು. ಇಡೀ ಹಾಲ್‌ಗೆ ಇದನ್ನು ಮಾಡಿಸಲು ಖರ್ಚು ಜಾಸ್ತಿ. ಅದೇ ಹಣದಲ್ಲಿ ನಿಮ್ಮ ಫೋನ್ ಕೋಣೆಯನ್ನು ಗಟ್ಟಿ ಮಾಡಿಸಿ, ಪಕ್ಕದಲ್ಲೇ ಇನ್ನೊಂದು ಕಟ್ಟಿಸಿ. ಬಾಗಿಲು ಟೊಳ್ಳು ಇರಬಾರದು, ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬೇಕು. ಜನ ಪರದೆ ಹಾಕಿಸುತ್ತಾರೆ. ಪರದೆಯಿಂದ ಗುಂಯ್‌ಗುಡುವುದು ಕಡಿಮೆಯಾಗುತ್ತದೆ, ಮಾತು ದಾಟುವುದು ನಿಲ್ಲುವುದಿಲ್ಲ.

ಕೆಟಲ್‌ಗೆ ನಿಯಮ ಬರೆದು ಅಂಟಿಸಬೇಡಿ, ಯಾರೂ ಓದುವುದಿಲ್ಲ. ಅಡುಗೆಮನೆಯ ಪ್ಲಗ್ ಲೈನನ್ನೇ ಇನ್ವರ್ಟರ್‌ನಿಂದ ಬಿಡಿಸಿ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಕರೆಂಟ್ ಹೋದಾಗ ಕೆಟಲ್ ತಾನೇ ಬಂದ್. ಅಲ್ಲಿ ಒಂದು ಗ್ಯಾಸ್ ಒಲೆ ಇಡಿ. ರೂಟರ್‌ಗೆ ಬೇರೆ ಸಣ್ಣ ಯುಪಿಎಸ್ ಹಾಕಿಸಿ, ಇನ್ವರ್ಟರ್ ಟ್ರಿಪ್ ಆದರೂ ನೆಟ್ ಇರುತ್ತದೆ. ನಿಮ್ಮ ಜಗಳದಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ.

ಮಹದೇವಪೇಟೆ_ಮಹಡಿ (ಪ್ರಶ್ನೆ ಕೇಳಿದವರು)

ಒಂಟಿಕೊಪ್ಪಲ್ ಅವರೇ, ನಿಮ್ಮ ಉತ್ತರವನ್ನು ಬಡಗಿಗೂ ಎಲೆಕ್ಟ್ರಿಷಿಯನ್‌ಗೂ ಓದಿ ಹೇಳಿದೆ. ಇಬ್ಬರೂ ಒಪ್ಪಿದರು. ಹಾಲ್‌ಗೆ ಗೋಡೆ ಬೇಡ ಅಂತ ಮಾಲೀಕರಿಗೆ ತಿಳಿಸಿದ್ದೇನೆ. ಅದರ ಬದಲು ಎರಡು ಫೋನ್ ಕೋಣೆ.

ನಿನ್ನೆ ಬಂದಿದ್ದವರನ್ನೆಲ್ಲ ಮೇಜಿನ ಸುತ್ತ ಕೂರಿಸಿ ಮಾತಾಡಿದೆ. ಮಧ್ಯಾಹ್ನವೇ ಇಟ್ಟುಕೊಂಡೆ, ಸಂಜೆ ಇಟ್ಟರೆ ಬಸ್ಸಿನವರು ಹೋಗಿಬಿಡುತ್ತಾರೆ. ಊರಿನವರು ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಉದ್ದದ ಮೇಜಿನಲ್ಲಿ ಮಾತು ಬೇಡ ಅಂದರು, ಎಲ್ಲರೂ ಒಪ್ಪಿದರು. ಮಧ್ಯಾಹ್ನದ ಮೇಲೆ ಮಾತಾಡಬಹುದು. ಕೊಚ್ಚಿಯ ಒಬ್ಬರು ತಾವಾಗಿಯೇ ಕೊಡೆ, ರೈನ್‌ಕೋಟ್ ಇಡಲು ಬಾಗಿಲ ಹೊರಗೆ ಒಂದು ಸ್ಟ್ಯಾಂಡ್ ಮಾಡಿಸುವ ಜವಾಬ್ದಾರಿ ತೆಗೆದುಕೊಂಡರು. ಮಾದಾಪುರದ ಹುಡುಗ ಎಲ್ಲರ ನಂಬರ್, ಉಳಿದುಕೊಂಡ ಹೋಂಸ್ಟೇ ಎಲ್ಲಿದೆ, ರಸ್ತೆ ಬಂದ್ ಆದರೆ ಹತ್ತಿರದಲ್ಲಿ ಯಾರ ಮನೆ ಇದೆ, ಎಲ್ಲ ಒಂದು ಹಾಳೆಯಲ್ಲಿ ಬರೆಯುತ್ತಿದ್ದಾನೆ. ಧಾರವಾಡದವರು ಡೀಸೆಲ್ ನೋಡಿದ ಹಾಗೆ ಇಲ್ಲಿ ಇನ್ವರ್ಟರ್ ಬ್ಯಾಟರಿ ನೋಡುವ ಕೆಲಸ ಖಾಲಿ ಇದೆ. ಕೇಳಿದೆ, ಯಾರೂ ಕೈ ಎತ್ತಲಿಲ್ಲ. ಸದ್ಯಕ್ಕೆ ನಾನೇ ನೋಡುತ್ತೇನೆ.

ಗೋಡೆ ಕೇಳಿದವರಲ್ಲಿ ಒಬ್ಬರಿಗೆ ಇನ್ನೂ ಸಮಾಧಾನ ಇಲ್ಲ. ಫೋನ್ ಕೋಣೆ ಆಗುವವರೆಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂದಿದ್ದಾರೆ. ಅವರ ಈ ತಿಂಗಳ ಹಣ ವಾಪಸ್ ಕೊಟ್ಟೆ. ಬರುತ್ತಾರೆ ಅಂತ ನಂಬಿದ್ದೇನೆ.

ಕಕ್ಕಡ ಹದಿನೆಂಟು ಹತ್ತಿರ ಇದೆ. ಮದ್ದು ಸೊಪ್ಪು ಗುಡಿಸಲು ಬರುವ ನಮ್ಮ ಅಕ್ಕನ ಮನೆ ಹಿಂದೆಯೇ ಇದೆಯಂತೆ, ತಂದುಕೊಡುತ್ತೇನೆ ಅಂದಿದ್ದಾರೆ. ಪಾಯಸ ಇಲ್ಲೇ ಅಡುಗೆಮನೆಯಲ್ಲಿ ಮಾಡುವುದು ಅಂತ ಆಗಿದೆ. ಧಾರವಾಡದವರೇ, ನೀವು ಇನ್ನೂ ಈ ಕಡೆ ಇದ್ದರೆ ಬನ್ನಿ.

ಇನ್ನೊಂದೇ ಪ್ರಶ್ನೆ ಉಳಿದಿದೆ. ರಾಕ್‌ವೂಲ್ ಮಳೆಗಾಲದ ತೇವ ಹೀರಿಕೊಂಡು ಒಳಗೇ ಬೂಸ್ಟು ಹಿಡಿಯುತ್ತದಾ? ಹೊರಗೋಡೆ ಈಗಲೇ ಬೆವರುತ್ತಿದೆ, ಅದಕ್ಕೆ ಒರಗಿಸಿ ಕಟ್ಟಬಾರದು ಅಂತ ಬಡಗಿ ಹೇಳುತ್ತಿದ್ದಾರೆ. ಕೊಡಗಿನಲ್ಲೋ ಮಲೆನಾಡಿನಲ್ಲೋ ಇದನ್ನು ಹಾಕಿಸಿದವರು ಯಾರಾದರೂ ಇದ್ದರೆ ತಿಳಿಸಿ. ಸೋಮವಾರ ಸಾಮಾನು ತರಿಸಬೇಕು.